ಪಿಸ್ಟನ್ ಮೇಲಿನ ಎಡೆ

ಮನುಷ್ಯಕುಲದ ಮಹಾಶೋಧಗಳಲ್ಲಿ ಬೆಂಕಿ ಮತ್ತು ಚಕ್ರದ ನಂತರದ ಸ್ಥಾನವನ್ನು ಬಟ್ಟೆಗೆ ಹಾಕುವ ಕ್ಲಿಪ್ಪಿಗೆ ಕೊಡಬೇಕೆಂದು ಕರಡಿಗುಟ್ಟ ಪುರಸಭೆ ಸರ್ವಾನುಮತದಿಂದ ನಿರ್ಣಯಿಸಿತ್ತು. ನಿರ್ಣಯ ಮಂಡಿಸಿದವರು ಆಡಳಿತ ಪಕ್ಷದ ಸದಸ್ಯರು. ಮಗಳ ನಿಶ್ಚಿತಾರ್ಥಕ್ಕೆಂದು ಒಗೆದು ಹರವಿದ್ದ ಅವರ ಜರಿ ಪಂಚೆ ಹಾರಿಹೋಗಿ ಬಾವಿಯ ಜಾಲರಿಗೆ ಅಂಟಿಕೊಂಡಿತ್ತು. ಅನುಮೋದಿಸಿದವರು ವಿರೋಧ ಪಕ್ಷದವರು; ಅವರ ಮನೆಯಿಂದ ಹಾರಿಹೋದ ವಸ್ತ್ರ ಯಾವುದೆಂದು ಸಭೆಯ ಗೌರವದ ದೃಷ್ಟಿಯಿಂದ ನಮೂದಿಸಲಿಲ್ಲ. ಆ ಊರಿನ ಇತಿಹಾಸದಲ್ಲಿ ಎರಡೂ ಪಕ್ಷಗಳು ಒಂದು ಮಾತಿಗೆ ಬಂದದ್ದು ಅದೊಂದೇ ಸಲ. ಆದ್ದರಿಂದ ಇದನ್ನು ಚಿಕ್ಕ ವಿಷಯವೆನ್ನಲಾಗದು.

ಕಾರಣ, ಕರಡಿಗುಟ್ಟ ಉಸಿರಾಡುವ ಊರು. ಒಂದು ಕಾಲಕ್ಕೆ ಅದು ಚಿನ್ನದ ಗಣಿಯ ಊರಾಗಿತ್ತು. ಚಿನ್ನ ಮುಗಿಯಿತು, ಗಣಿ ಮುಚ್ಚಿತು, ಬಾವಿ ಮಾತ್ರ ಉಳಿಯಿತು. ಗಣಿಯ ಭಾಷೆಯಲ್ಲಿ ಬಾವಿಯೆಂದರೆ ನೀರಿನದಲ್ಲ. ಮನುಷ್ಯರನ್ನು ಇಳಿಸಿ ಅದಿರನ್ನು ಎತ್ತುವ ನೆಟ್ಟನೆಯ ಕೊರಕಲು. ಆ ಬಾವಿಯನ್ನೇ ಶಾಲೆಯ ಆಟದ ಮೈದಾನದಷ್ಟು ಅಗಲ ಮಾಡಿ, ಗೋಡೆಯನ್ನು ನಯಗೊಳಿಸಿ, ಅದರೊಳಗೆ ಅಷ್ಟೇ ಅಗಲದ ಒಂದು ಪಿಸ್ಟನ್ ಇಳಿಬಿಟ್ಟರು. ಬಾವಿಯೇ ಸಿಲಿಂಡರ್. ಅದರ ಆಳ ಒಂದು ಕಿಲೋಮೀಟರ್.

ಎಂಜಿನ್ ಎಂದರೆ ಮೂಲದಲ್ಲಿ ಬಹಳ ಸರಳವಾದ ವಸ್ತು. ಬೋರಲು ಹಾಕಿದ ಒಂದು ಲೋಟ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಬಿರಡೆ. ಬಿರಡೆ ಕೆಳಗಿಳಿದರೆ ಗಾಳಿ ಒಳಗೆ ಬರುತ್ತದೆ. ಇದು ಮೊದಲನೆಯ ಹೊಡೆತ. ಬಾಯಿ ಮುಚ್ಚಿ ಮೇಲೇರಿದರೆ ಆ ಗಾಳಿ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ, ಎರಡನೆಯದು. ಕಾದ ಗಾಳಿಗೆ ಗ್ಯಾಸು ಬಿಟ್ಟರೆ ಹೊತ್ತಿಕೊಂಡು ಬಿರಡೆಯನ್ನು ಕೆಳಕ್ಕೆ ನೂಕುತ್ತದೆ; ಮೂರನೆಯದು. ಮತ್ತೆ ಮೇಲೇರಿ ಹೊಗೆಯನ್ನು ಹೊರಹಾಕುತ್ತದೆ, ನಾಲ್ಕನೆಯದು. ನಾಲ್ಕರಲ್ಲಿ ದುಡಿಯುವುದು ಮೂರನೆಯದೊಂದೇ. ಉಳಿದ ಮೂರೂ ಅದರ ದುಡಿಮೆಯ ಮೇಲೆ ಓಡಾಡಿಕೊಂಡಿರುತ್ತವೆ. ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೈಕಿನ ಎಂಜಿನ್ನಿನಲ್ಲಿ ಈ ನಾಲ್ಕೂ ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ನಡೆದುಹೋಗುತ್ತವೆ. ಬೆಂಕಿಗೆ ಅವಸರ ಹುಟ್ಟುಗುಣ. ಆ ಅವಸರವನ್ನೇ ಬಿಡಿಸಿದರೆ ಹೇಗೆ ಎಂದು ಯಾರೋ ಯೋಚಿಸಿದರು. ಗೋಡೆಗೆ ಬಳಿಯುವ ಒಂದು ಲೇಪ ಸಿಕ್ಕಿತು. ಅದು ಗ್ಯಾಸನ್ನು ಒಮ್ಮೆಲೇ ಭಗ್ಗೆನ್ನಲು ಬಿಡುವುದಿಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ನಿಧಾನವಾಗಿ ಉರಿಸುತ್ತದೆ. ಗೋಡೆ ತಾನು ಬಿಸಿಯನ್ನು ಕುಡಿಯುವುದೂ ಇಲ್ಲ. ವಿಜ್ಞಾನಿಗಳು ಇದಕ್ಕೊಂದು ಉದ್ದನೆಯ ಹೆಸರಿಟ್ಟರು. ಬಸ್‌ಸ್ಟ್ಯಾಂಡಿನ ಪಕ್ಕದ ಆಯುರ್ವೇದ ಪಂಡಿತರು ಇದು ಮಂದಾಗ್ನಿಯೆಂದು ಗುರುತಿಸಿ, ಶುಂಠಿಯ ಚೂರ್ಣ ಕೊಡಲು ಮುಂದೆ ಬಂದರು.

ಹೀಗಾಗಿ ಕರಡಿಗುಟ್ಟದ ಎಂಜಿನ್ನಿಗೆ ನಾಲ್ಕು ಹೊಡೆತ ಮುಗಿಸಲು ಒಂದು ದಿನ ಬೇಕು. ಊರು ಅವಕ್ಕೆ ತನ್ನದೇ ಹೆಸರು ಕೊಟ್ಟಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಎಳೆತ. ಊರಿನ ಗಾಳಿಯೆಲ್ಲ ಬಾವಿಯ ಕಡೆಗೆ ಬೀಸುವುದು, ಬಟ್ಟೆ ಒಣಗುವುದು, ಕ್ಲಿಪ್ಪಿಲ್ಲದಿದ್ದರೆ ಹಾರುವುದು ಈ ಹೊತ್ತಿನಲ್ಲಿ. ಮಧ್ಯಾಹ್ನದಿಂದ ಸಂಜೆಗೆ ಒತ್ತು. ಊರು ಉಸಿರು ಬಿಗಿಹಿಡಿದಂತೆ ಗಾಳಿಯಿಲ್ಲದೆ ಕೂರುತ್ತದೆ, ಮಕ್ಕಳು ಮಲಗುತ್ತವೆ. ದೀಪ ಹಚ್ಚುವ ಹೊತ್ತಿಗೆ ದುಡಿತ. ಮಧ್ಯರಾತ್ರಿ ಕಳೆದ ಮೇಲೆ ಬಿಡಿತ. ಬೆಚ್ಚನೆಯ ಉಸಿರು ಬೀದಿಗಳಲ್ಲಿ ಹರಿದು ಮುಂಜಾನೆ ಯಾರೂ ಸ್ನಾನಕ್ಕೆ ನೀರು ಕಾಯಿಸಬೇಕಾಗಿಲ್ಲ. "ಎಳೆತ ಮುಗಿಯೋದ್ರೊಳಗೆ ಬಂದ್ಬಿಡ್ತೀನಿ" ಎಂದರೆ ಊಟಕ್ಕೆ ಬರುತ್ತೇನೆಂದು ಅರ್ಥ. ಕೆಳಗೆ, ಪಾತಾಳದಲ್ಲಿ, ಬೆಟ್ಟದಷ್ಟು ಭಾರದ ಚಕ್ರವೊಂದು ತಿರುಗುತ್ತ ಮೂರು ತಾಲ್ಲೂಕುಗಳಿಗೆ ಕರೆಂಟು ಕೊಡುತ್ತದೆ.

*

ಎಂಜಿನ್ನಿನ ಮುಖ್ಯಸ್ಥೆ ನೀಲಾಂಬಿಕಾ ಅಂಗಡಿ ಧಾರವಾಡದ ಕಡೆಯವಳು. ಕಾಲೇಜಿನಲ್ಲಿ ಎಂಜಿನ್ನನ್ನು ಅರ್ಧಕ್ಕೆ ಸೀಳಿ, ಒಳಗಿನದು ಕಾಣುವಂತೆ ಮಾಡಿಟ್ಟ ಮಾದರಿಯೊಂದಿತ್ತು. ಅದರ ಹಿಡಿಕೆಯನ್ನು ಕೈಯಲ್ಲಿ ತಿರುಗಿಸಿದವರು ನೂರಾರು ಜನ. ತಿರುಗಿಸುತ್ತ ತಿರುಗಿಸುತ್ತ ಮುಂದಿನ ಕ್ಲಾಸನ್ನು ಮರೆತವಳು ಅವಳೊಬ್ಬಳು. ಈಗ ಅದೇ ಮಾದರಿ ಕಿಲೋಮೀಟರ್ ಉದ್ದವಾಗಿ ಅವಳ ಕಾಲ ಕೆಳಗೆ ಓಡಾಡುತ್ತಿತ್ತು.

ಪ್ರತಿ ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಅವಳು ಮಾತು ನಿಲ್ಲಿಸುವ ಒಂದು ಗಳಿಗೆಯಿತ್ತು. ಪಿಸ್ಟನ್ ತಳ ಮುಟ್ಟುವ ಹೊತ್ತು. ಇಳಿಯುವುದು ಮುಗಿದಿದೆ, ಏರುವುದು ಶುರುವಾಗಿಲ್ಲ. ತೆರೆಯ ಮೇಲಿನ ಅಂಕಿಗಳು ಸೊನ್ನೆಯ ಹತ್ತಿರ ತೂಕಡಿಸುತ್ತವೆ.

"ನಿಂತ್ಬಿಡ್ತಾ ಮೇಡಂ?" ಎಂದು ಹೊಸದಾಗಿ ಕೆಲಸಕ್ಕೆ ಬಂದಾಗ ಆಪರೇಟರ್ ಅರುಳ್‌ದಾಸ್ ಗಾಬರಿಯಿಂದ ಕೇಳಿದ್ದ.

"ನಿಲ್ಲಲಾರದ ಹೊಳ್ಳೂದು ಹೆಂಗಪಾ? ನಿನ್ನ ಬೈಕಿನ ಪಿಸ್ಟನ್ನೂ ಮ್ಯಾಲೊಮ್ಮೆ ಕೆಳಗೊಮ್ಮೆ ನಿಂತs ತಿರುಗತೈತಿ. ನೋಡ್ಲಿಕ್ಕೆ ನಮಗ ಪುರಸೊತ್ತಿಲ್ಲ, ಅಷ್ಟ."

ಅರುಳ್‌ದಾಸ್ ಆ ಸಂಜೆ ಮನೆಗೆ ಹೋಗುವಾಗ ಬೈಕನ್ನು ಸ್ವಲ್ಪ ಭಯಭಕ್ತಿಯಿಂದಲೇ ಓಡಿಸಿದನಂತೆ. ಸಾವಿರಾರು ಸಲ ಸಾಯುತ್ತ ಹುಟ್ಟುತ್ತ ತನ್ನನ್ನು ಮನೆ ಮುಟ್ಟಿಸುವ ವಸ್ತುವಿನ ಮೇಲೆ ಇಷ್ಟು ದಿನ ಕಾಲು ಹಾಕಿ ಕೂತಿದ್ದೆನಲ್ಲ ಎಂದು. ಪಿಸ್ಟನ್ ತಳ ಮುಟ್ಟಿ ನಿಲ್ಲುವ ಆ ಹೊತ್ತನ್ನು ಊರಿನವರು 'ನಿಂತ ಗಳಿಗೆ' ಎನ್ನುತ್ತಿದ್ದರು.

ಗೇಟಿನ ಎದುರು ಮುದ್ದೆ ಊಟದ ಮೆಸ್ಸು ನಡೆಸುತ್ತಿದ್ದವಳು ಮುನಿತಾಯಮ್ಮ. ಅರವತ್ತು ದಾಟಿದ ಹೆಂಗಸು. ಭಾದ್ರಪದದ ಒಂದು ಮಧ್ಯಾಹ್ನ, ನಿಂತ ಗಳಿಗೆ ಕಳೆಯುವುದನ್ನೇ ಕಾದಿದ್ದು, ಊಟದ ಡಬ್ಬಿ ಮೇಜಿನ ಮೇಲಿಟ್ಟು ಹೋಗದೆ ನಿಂತಳು.

"ಇಂಜಿನೀರಮ್ಮ, ಈ ಮಾಲಯ ಅಮಾಸೆಗೆ ನಾನು ಒಳಿಕ್ಕೆ ಓಗ್ಬೇಕು."

"ಯಾವುದರ ಒಳಗ್ರಿ?"

"ಬಾವಿ ಒಳಿಕ್ಕೆ. ನಮ್ಮಪ್ಪ ಅವ್ನಲ್ಲ ಅಲ್ಲಿ."

ಮುನಿತಾಯಮ್ಮನ ಅಪ್ಪ ಪಿಲ್ಲಪ್ಪ ಗಣಿಯ ಕೂಲಿ. ಅವಳಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಬಾವಿಯ ತಳದ ಸುರಂಗದಲ್ಲಿ ಕಲ್ಲು ಸಿಡಿದು ಚಾವಣಿ ಕುಸಿಯಿತು. ಆಚೆ ಸಿಕ್ಕಿಕೊಂಡವನು ಪಿಲ್ಲಪ್ಪನೊಬ್ಬನೇ. ಅಗೆಯಬೇಕಾದರೆ ಗಣಿ ನಿಲ್ಲಿಸಬೇಕು; ಗಣಿ ನಿಲ್ಲಿಸಲಾಗುವುದಿಲ್ಲ ಎಂದರು. ಸುರಂಗದ ಬಾಯಿಗೆ ಗೋಡೆ ಕಟ್ಟಿದರು. ಮನೆಯಲ್ಲಿ ಹೆಣದ ಬದಲು ಬಟ್ಟೆಯ ಗೊಂಬೆ ಮಾಡಿ ಸುಟ್ಟರು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತ ಬಂದರು: ಎಲೆಯ ಮೇಲೆ ಸತ್ತವರಿಗೆ ಇಷ್ಟವಾದದ್ದೆಲ್ಲ ಬಡಿಸಿ ಮಾಡಿನ ಮೇಲಿಟ್ಟರೆ, ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹಿರಿಯರು ಉಂಡರು ಎಂದು ಲೆಕ್ಕ. ಪಿಲ್ಲಪ್ಪನ ಎಡೆಯನ್ನು ಮಾತ್ರ ಒಂದು ವರ್ಷವೂ ಕಾಗೆ ಮುಟ್ಟಲಿಲ್ಲ. ಪಕ್ಕದ ಮಾಡಿನ ಮೇಲೆ ಕಾಗೆಗಳ ಜಾತ್ರೆ, ಇವರ ಮಾಡಿನ ಮೇಲೆ ಇರುವೆ.

"ಸತ್ತೋನು ಅಷ್ಟು ಆಳದಾಗವ್ನೆ. ಮಾಡಿನ ಮ್ಯಾಲೆ ಇಕ್ಕುದ್ರೆ ಅವನಿಗೆಂಗೆ ಗೊತ್ತಾಗ್ತದೆ? ನಿಮ್ ಎಂಜಿನ್ ಬಂದ್ಮ್ಯಾಕೆ ಬಾವಿ ಬಾಯಿ ತಾವೇ ಇಕ್ತಿದ್ದೆ. ವಾಸನೆ ಒಳಿಕ್ಕೆ ಓಗ್ತದೆ, ಎಡೆ ಓಗಲ್ಲ. ವಾಸನೆ ತೋರ್ಸಿ ಊಟ ಇಕ್ದೇ ಇರೋದು ಪಾಪ ಅಲ್ವಾ ನೀನೇ ಏಳು."

ನೀಲಾಂಬಿಕಾ ಒಂದು ಬೇರೆ ವಿಷಯ ನೆನೆಸಿಕೊಂಡಳು. ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಇಬ್ಬರು ಮೂವರು ಪಿಸ್ಟನ್ನಿನ ನೆತ್ತಿಯ ಮೇಲೆ ಕೂತು ಇಳಿಯುವುದುಂಟು. ಎಳೆತದ ಹೊತ್ತಿನಲ್ಲಿ ಒಳಗೆ ಬರುವುದು ಬರೀ ಗಾಳಿ, ಗ್ಯಾಸು ಸಂಜೆಗೆ. ಹಾಗಾಗಿ ಅಪಾಯವಿಲ್ಲ. ತಳ ತಲುಪಿದ ಮೇಲೆ, ನಿಂತ ಗಳಿಗೆಯಲ್ಲಿ ಪಕ್ಕದ ಉಕ್ಕಿನ ಬಾಗಿಲಿನಿಂದ ಹಳೆಯ ಸುರಂಗಕ್ಕೆ ದಾಟಿ, ಅಲ್ಲಿಂದ ಇನ್ನೊಂದು ಬಾವಿಯ ಲಿಫ್ಟಿನಲ್ಲಿ ಮೇಲೆ ಬರುವುದು. ಹಳೆಯ ಗೋಡೆಯನ್ನು ಒಡೆದು ಕೂರಿಸಿದ ಆ ಬಾಗಿಲು ತೆರೆಯುವುದು ಪಿಲ್ಲಪ್ಪ ಉಳಿದ ಸುರಂಗಕ್ಕೇ. ಬಾವಿಯನ್ನು ಎಂಜಿನ್ನಿಗೆ ಕೊಟ್ಟಾಗ ಊರ ಸಭೆಯಲ್ಲಿ, ಒಳಗೆ ಉಳಿದವರ ಮನೆಯವರು ಬಂದು ಹೋಗಬಹುದೆಂದು ಮೈಕಿನಲ್ಲಿ ಮಾತು ಕೊಟ್ಟಿದ್ದರು. ಕೊಟ್ಟವರು ಮರೆತಿದ್ದರು. ಕೇಳಿಸಿಕೊಂಡವರಲ್ಲಿ ಒಬ್ಬಳು ಮರೆತಿರಲಿಲ್ಲ.

"ಈ ವರ್ಷದ ಪರೀಕ್ಷಾ ಅಮಾಸಿ ದಿನಾನs ಮಾಡೂಣಂತ," ಎಂದಳು. "ಆದ್ರ ಒಂದ್ ಮಾತು. ನಿಂತ ಗಳಿಗಿ ಮುಗಿಯೂದ್ರಾಗ ಹೊರಗಿರಬೇಕು. ಆಮ್ಯಾಲ ನಾ ಅಂದ್ರೂ ಅದು ನಿಲ್ಲೂದಿಲ್ಲ."

*

ಅಮಾವಾಸ್ಯೆಯ ಹಿಂದಿನ ದಿನ ಮುನಿತಾಯಮ್ಮನ ಅಡಿಗೆಮನೆಯಲ್ಲಿ ಉದ್ದು ರುಬ್ಬುತ್ತಿದ್ದರು. ಅವಳ ತಮ್ಮ ಯರ್ರಪ್ಪ ಬಾಗಿಲಿಗೆ ಒರಗಿ ಕೂತು, ಎಲ್ಲರೂ ಮರೆತಿದ್ದ ಪ್ರಶ್ನೆಯನ್ನು ಕೇಳಿದ.

"ಅಕ್ಕಯ್ಯ, ಎಡೆ ಇಕ್ತೀಯ ಸರಿ. ಮುಟ್ಟೋರ್ಯಾರು?"

ರುಬ್ಬುವ ಕೈ ನಿಂತಿತು.

"ಒಂದ್ ಕಿಲೋಮೀಟ್ರು ಭೂಮಿ ಒಳಗೆ ಕಾಗೆ ಎಲ್ಲಿಂದ ಬರ್ತದೆ? ಬಾವಲಿ ಬರ್ಬೋದು. ಬಾವಲಿ ಮುಟ್ಟುದ್ರೆ ನಡೀತದಾ?"

"ಥೂ, ಬಾಯಿ ಮುಚ್ಚು."

"ಅಂಗಾದ್ರೆ ಕಾಗೇನ ನಾವೇ ಕರ್ಕೊಂಡ್ ಓಗಾಣ."

ಯರ್ರಪ್ಪ ಬಾಡಿನಂಗಡಿಯ ಹಿಂದೆ ಮಂಕರಿ ಬುಟ್ಟಿ ಎತ್ತಿ ಕಡ್ಡಿಯ ಆಸರೆ ಕೊಟ್ಟು, ದಾರ ಹಿಡಿದು ಕಾದ. ಕಾಗೆಯಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಆದರೆ ಎಳೆತದ ಗಾಳಿಯಲ್ಲಿ ಕಡ್ಡಿ ತಾನಾಗಿಯೇ ಬಿದ್ದು ಒಂದು ಕಾಗೆ ಸಿಕ್ಕಿಬಿತ್ತು. ಕೋಳಿಯ ಪಂಜರದಲ್ಲಿ ಅದನ್ನಿಟ್ಟು ತಂದಾಗ, ನೋಡಲು ಬಂದವರಲ್ಲಿ ಪಕ್ಕದ ಮನೆಯ ಜಯಮ್ಮ ಮೊದಲಿಗಳು.

"ಇದೆಂಗಮ್ಮ ಆಗ್ತದೆ? ಕಾಗೆ ತಾನಾಗಿ ಬರ್ಬೇಕು. ಇಡ್ಕೊಂಡ್ ಬಂದ್ರೆ ಅದು ನೆಂಟನಾ? ಪೋಲೀಸ್ನೋರು ಎಳ್ಕೊಂಡ್ ಬಂದ ಸಾಕ್ಷಿ!"

"ನಿಮ್ ಮಾವನ ಎಡೆ ಮುಟ್ಟಿದ್ದು ಕಾಗೆ ಅಲ್ಲ, ಕೋಗಿಲೆ ಮರಿ. ನಾವೇನಾದ್ರೂ ಬಾಯ್ಬಿಟ್ಟಿದ್ವಾ?" ಎಂದಳು ಮುನಿತಾಯಮ್ಮ. ಜಯಮ್ಮ ಕಾಗೆಗೆ ನೀರಿಟ್ಟಳು.

ಎಡೆಯ ಸಾಮಾನು ಎಂಜಿನ್ನಿನ ಗೇಟಿನಲ್ಲಿ ತಪಾಸಣೆಗೆ ಬಂದಾಗ ವಡೆ, ಕಜ್ಜಾಯ, ಅನ್ನ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಕಾಗೆ ಇದ್ದವು. ನೀಲಾಂಬಿಕಾ ಎಲ್ಲವನ್ನೂ ನೋಡಿದಳು.

"ಬೀಡಿ ಇರ್ಲಿ. ಕಡ್ಡಿಪೆಟಗಿ ಬ್ಯಾಡ."

"ಬೆಂಕಿ ಇಲ್ದೆ ಅಪ್ಪ ಬೀಡಿ ಎಂಗ್ ಸೇದ್ತದೆ?" ಎಂದ ಯರ್ರಪ್ಪ.

"ಸಂಜೀಮಟಾ ತಡೀರಿ ಅನ್ನು. ಅಲ್ಲಿ ಬೆಂಕಿಗೇನೂ ಕೊರತಿಲ್ಲ."

*

ಬೆಳಗಿನ ಹೊತ್ತು, ಬಿಡಿತ ಮುಗಿದು ಊರಿನ ಬಿಸುಪು ಆರುತ್ತಿದ್ದಾಗ, ನೀಲಾಂಬಿಕಾ, ಅಕ್ಕ, ತಮ್ಮ ಮೂವರೂ ಕಾಗೆಯೊಡನೆ ಪಕ್ಕದ ಕಿಂಡಿಯಿಂದ ಪಿಸ್ಟನ್ನಿನ ನೆತ್ತಿಯ ಮೇಲೆ ಕಾಲಿಟ್ಟರು. ರಾತ್ರಿಯ ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. ರೊಟ್ಟಿ ಸುಟ್ಟು ಒಲೆಯಿಂದ ಇಳಿಸಿ ಹೊತ್ತಾದ ಹಂಚಿನಷ್ಟು. ಸುತ್ತಲೂ ಉಕ್ಕಿನ ಬಯಲು. ಈ ಕೊನೆಯಿಂದ ಆ ಕೊನೆಗೆ ಕೂಗಿದರೆ ಪ್ರತಿಧ್ವನಿ ಯೋಚಿಸಿ ಉತ್ತರ ಕೊಡುತ್ತಿತ್ತು. ತಲೆಯ ಮೇಲೆ, ಎತ್ತರದಲ್ಲಿ, ಗಾಳಿಯ ಬಾಯಿ ತೆರೆಯಿತು. ಜಾಲರಿಯ ಆಚೆ ದುಂಡನೆಯ ಬೆಳಗು.

"ಯಾವಾಗ್ ಒರಡ್ತದೆ?" ಎಂದಳು ಮುನಿತಾಯಮ್ಮ ಸ್ವಲ್ಪ ಹೊತ್ತಿನ ಮೇಲೆ.

"ಹೊಂಟು ಭಾಳ ಹೊತ್ತಾತ್ರಿ."

ನೀಲಾಂಬಿಕಾ ಗೋಡೆಯ ಕಡೆ ತೋರಿಸಿದಳು. ನುಣುಪಾದ ಗೋಡೆ ಇರುವೆಯ ಸಾಲಿನ ವೇಗದಲ್ಲಿ ಮೇಲಕ್ಕೆ ಹೋಗುತ್ತಿತ್ತು. ಕಾಲ ಕೆಳಗೆ ಒಂದು ಅದುರೂ ಇಲ್ಲ. ಇಳಿಯುತ್ತಿರುವುದು ತಾವೆಂದು ಮೈ ನಂಬಲಿಲ್ಲ. ಭೂಮಿಯೇ ತಮ್ಮನ್ನು ಬಿಟ್ಟು ಮೇಲೇಳುತ್ತಿದೆ ಅನ್ನಿಸಿತು. ಮೇಲಿನ ಬೆಳಗು ತಟ್ಟೆಯಷ್ಟಾಯಿತು, ಆಮೇಲೆ ಬಟ್ಟಲಿನಷ್ಟು.

ಆಮೇಲೆ ಊರು ಒಳಗೆ ಬರತೊಡಗಿತು.

ಮೊದಲು ಬಂದದ್ದು ಕಾಫಿಯ ಪರಿಮಳ. ಅದರ ಹಿಂದೆ ಸಾಂಬ್ರಾಣಿ. ಯಾರದೋ ಮನೆಯಲ್ಲಿ ಒಗ್ಗರಣೆ ಸೀದದ್ದು. ಬಿಸಿಲಿಗೆ ಕಾದ ದೂಳು, ಸೀಮೆಹಸುವಿನ ಸಗಣಿ, ತೊಳೆದ ಬಟ್ಟೆಯ ಸೋಪು. ವಾಸನೆಯ ಬೆನ್ನಿಗೆ ಶಬ್ದ. ಅಷ್ಟು ದೊಡ್ಡ ನಳಿಗೆ ಊರಿನ ಗಾಳಿಯನ್ನೆಲ್ಲ ಎಳೆದುಕೊಳ್ಳುವಾಗ ಅದರಲ್ಲಿದ್ದ ಮಾತೂ ಜೊತೆಗೆ ಬರುತ್ತಿತ್ತು: ಶಾಲೆಯ ಗಂಟೆ, ಮೀನಿನವನ ಕೂಗು, ಮಸೀದಿಯ ಮೈಕು, ಬಸ್ಸಿನ ಕಂಡಕ್ಟರನ ಸೀಟಿ. ಎಲ್ಲವೂ ದೂರದಿಂದ, ಆದರೆ ಒಂದೊಂದೂ ಬಿಡಿಬಿಡಿಯಾಗಿ. ಹುಟ್ಟಿದಾಗಿನಿಂದ ಊರಿನ ಒಳಗಿದ್ದು ಅದನ್ನು ಒಮ್ಮೆಯೂ ಇಡಿಯಾಗಿ ಕೇಳಿರದ ಯರ್ರಪ್ಪ ಬಾಯಿ ತೆರೆದುಕೊಂಡು ಕೂತಿದ್ದ.

ಒಂದು ಹೆಣ್ಣು ದನಿ ಸ್ಪಷ್ಟವಾಗಿ ಇಳಿದುಬಂತು: "...ಕಾಗೆ ಎತ್ಕೊಂಡ್ ಓಗವ್ಳೆ, ತಲೆ ಕೆಟ್ಟಿರೋ ಮುದುಕಿ..."

"ಜಯಮ್ಮ!" ಎಂದಳು ಮುನಿತಾಯಮ್ಮ ಮೇಲೆ ನೋಡಿ. "ಬರ್ತೀನಿ ಇರು ಮಾಡ್ತೀನಿ."

ಮಾತು ಮೇಲಕ್ಕೆ ಹೋಗುವಂತಿರಲಿಲ್ಲ. ಆ ಹೊತ್ತಿನಲ್ಲಿ ಎಲ್ಲವೂ ಒಳಮುಖ.

ಬಹಳ ಹೊತ್ತಿನ ನಂತರ ಮುದುಕಿ ಮೆಲ್ಲಗೆ ಕೇಳಿದಳು: "ಇದೆಲ್ಲಾನೂ ಒಂದೇ ಉಸುರಾ?"

"ಅರ್ಧಾ ಉಸುರು ರೀ. ಒಳಗ ತೊಗೊಳ್ಳೂದಷ್ಟ."

"ಅಂಗಂದ್ರೆ ನಮ್ಮಪ್ಪ ಇಷ್ಟ್ ದಿನ ಊರಿನ ಮಾತೆಲ್ಲ ಕೇಳಿಸ್ಕೊಂಡೇ ಅವ್ನೆ."

ನೀಲಾಂಬಿಕಾ ಇಲ್ಲವೆನ್ನಲಿಲ್ಲ. ಲೆಕ್ಕದ ಪ್ರಕಾರ ಧ್ವನಿ ತಳದವರೆಗೆ ಬರುತ್ತಿತ್ತು.

*

ನಿಲ್ಲುವುದು ತಿಳಿಯಲಿಲ್ಲ, ನಿಂತಿರುವುದು ತಿಳಿಯಿತು. ಗಾಳಿ ಸೋತಿತು. ವಾಸನೆಗಳು ಎಲ್ಲಿದ್ದವೋ ಅಲ್ಲೇ ಗಾಳಿಯಲ್ಲಿ ತೂಗಿಕೊಂಡವು. ಮೇಲಿನ ಬೆಳಕು ನಡುಹಗಲಿನಲ್ಲೂ ಒಂದು ನಕ್ಷತ್ರ. ನೀಲಾಂಬಿಕಾ ಸೀಮೆಸುಣ್ಣದಿಂದ ಪಿಸ್ಟನ್ನಿನ ಅಂಚಿಗೂ ಗೋಡೆಗೂ ಸೇರಿಸಿ ಒಂದು ಗೆರೆ ಎಳೆದಳು. ಗೆರೆ ಮುರಿಯಲಿಲ್ಲ. ಬೆಟ್ಟವನ್ನು ತಿರುಗಿಸುವ ಯಂತ್ರವೊಂದು ಅವಳ ಬೆರಳ ತುದಿಯಲ್ಲಿ ಸುಮ್ಮನೆ ನಿಂತಿತ್ತು. ಪ್ರತಿ ವರ್ಷ ನೋಡುತ್ತಿದ್ದರೂ ಅವಳು ಆ ಗೆರೆಯಿಂದ ಕಣ್ಣು ಕೀಳಲಿಲ್ಲ. ಜಗತ್ತಿನಲ್ಲಿ ಓಡುವುದೆಲ್ಲ ಇಂಥದೊಂದು ನಿಲುಗಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡುತ್ತಿದೆಯಲ್ಲ ಎಂದು.

ಉಕ್ಕಿನ ಬಾಗಿಲು ತೆರೆಯಿತು. ಆಚೆ ಹಳೆಯ ಸುರಂಗ, ಕುಸಿದ ಕಲ್ಲಿನ ರಾಶಿ, ಕತ್ತಲೆ. ಮುನಿತಾಯಮ್ಮ ಕಲ್ಲಿನ ಮೇಲೆ ಕೈಯಿಟ್ಟು ನಿಂತಳು. ಅಳಲಿಲ್ಲ. ಎಷ್ಟೋ ವರ್ಷದ ನಂತರ ಮನೆಗೆ ಬಂದವರ ಮೈ ಮುಟ್ಟಿ ನೋಡುವ ಹಾಗೆ ಕಲ್ಲನ್ನು ಸವರಿದಳು.

ಕತ್ತಲಲ್ಲಿ ಕಾಗೆ ಕಣ್ಣು ಬಿಡಲಾರದು. ಆದ್ದರಿಂದ ಎಲೆಯನ್ನು ಬಾಗಿಲಿನ ಈಚೆ, ಪಿಸ್ಟನ್ನಿನ ನೆತ್ತಿಯ ಮೇಲೆ, ಟಾರ್ಚಿನ ಬೆಳಕಿನಲ್ಲಿ ಹಾಸಿದರು. ಬಡಿಸಿದರು. ಪಂಜರ ತೆರೆದು, ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತರು. ನೋಡುತ್ತಿದ್ದರೆ ಹಿರಿಯರು ನಾಚುತ್ತಾರಂತೆ.

"ಕಾ... ಕಾ... ಬಾಪ್ಪಾ," ಎಂದಳು ಮುನಿತಾಯಮ್ಮ. ಅವಳ ದನಿ ಹುಡುಗಿಯದಾಗಿತ್ತು.

ಉಗುರಿನ ಸದ್ದು. ಟಕ್, ಟಕ್. ಮತ್ತೆ ನಿಶ್ಶಬ್ದ. ಯರ್ರಪ್ಪ ತಡೆಯಲಾರದೆ ಓರೆಗಣ್ಣಿನಿಂದ ನೋಡಿದ.

"ಅಕ್ಕಯ್ಯ, ಮೊದ್ಲು ಬೀಡಿ ಕಟ್ಟು ನೋಡ್ತು."

"ಅಪ್ಪಾನೇ," ಎಂದಳವಳು.

ಕಾಗೆ ವಡೆಯನ್ನು ಕೊಕ್ಕಿನಲ್ಲಿ ಕಚ್ಚಿತು. ಒಂದು ಸಲ ಆ ಮೂವರ ಬೆನ್ನನ್ನು ನೋಡಿ, ರೆಕ್ಕೆ ಬಡಿದು, ನೇರ ಮೇಲಕ್ಕೆ ಹಾರಿ ಕತ್ತಲಲ್ಲಿ ಕರಗಿತು. ಮುನಿತಾಯಮ್ಮ ಅಲ್ಲೇ ಕೂತು ಉಕ್ಕಿನ ನೆಲಕ್ಕೆ ಹಣೆ ಮುಟ್ಟಿಸಿದಳು. ಯರ್ರಪ್ಪ ನಗುತ್ತಲೂ ಅಳುತ್ತಲೂ ಇದ್ದ. ಇಂಥದನ್ನು ನಂಬದ ನೀಲಾಂಬಿಕಾ ಕೂಡ, ಯಾಕೋ ತಿಳಿಯದೆ, ಚಪ್ಪಲಿ ಬಿಟ್ಟು ನಿಂತಿದ್ದಳು.

ಆಗ ಮೇಲಿನ ನಕ್ಷತ್ರ ಸಣ್ಣದಾಗತೊಡಗಿತು. ಗಾಳಿಯ ಬಾಯಿ ಮುಚ್ಚುತ್ತಿತ್ತು.

"ಬರ್ರಿ, ಹೊರಗ ಬರ್ರಿ. ಒತ್ತು ಚಾಲೂ ಆಗತೈತಿ."

"ಅಪ್ಪ?"

ಮೂವರೂ ಮೇಲೆ ನೋಡಿದರು. ಎಲ್ಲೋ ಎತ್ತರದಲ್ಲಿ ರೆಕ್ಕೆಯ ಸದ್ದು, ಗೋಡೆಯಿಂದ ಗೋಡೆಗೆ. ಯರ್ರಪ್ಪ ಕರೆದ, ಅನ್ನ ತೋರಿಸಿದ, ಪಂಜರ ಬಡಿದ. ಯಾರು ಹಿಡಿದು ತಂದರೋ ಅವರ ದನಿಗೆ ಕಾಗೆ ಇಳಿಯಲಿಲ್ಲ.

"ಒಳಗಿದ್ರೆ ಏನಾಗ್ತದೆ?" ಎಂದಳು ಮುನಿತಾಯಮ್ಮ.

ನೀಲಾಂಬಿಕಾ ಸುಳ್ಳು ಹೇಳಲಿಲ್ಲ. "ಸೈಕಲ್ ಪಂಪ್ ಹೊಡ್ಯಾಗ ತುದಿ ಬಿಸಿ ಆಗತೈತಲ್ರಿ, ಹಂಗ. ಇಷ್ಟೂ ಗಾಳಿ ಒಂದ್ ಮೂಲಿಗೆ ಕೂಡತೈತಿ. ಸಂಜಿಗೆ ಕಬ್ಬಿಣ ಕೆಂಪಾಗೂವಷ್ಟು ಬಿಸಿ."

ಮುದುಕಿ ಎದ್ದಳು. ಬಾಗಿಲ ಕಡೆಗಲ್ಲ. ಎಲೆಯ ಪಕ್ಕಕ್ಕೆ ಹೋಗಿ ಕೂತಳು.

"ನೀವು ನಡೀರಿ."

"ಅಕ್ಕಯ್ಯ, ಉಚ್ಚಾ ನಿಂಗೆ? ಕಾಗೆ ಅದು! ನಾನೇ ಇಡ್ದಿದ್ದು, ಬಾಡಿನಂಗಡಿ ಇಂದೆ!"

"ಬೆಳಿಗ್ಗೆ ಕಾಗೆ. ಈಗಲ್ಲ." ಅವಳು ದನಿ ಎತ್ತಲಿಲ್ಲ. "ಆವತ್ತೂ ಇಂಗೇ ಅಂದ್ರು. ನಿಲ್ಸಕ್ಕಾಗಲ್ಲ, ನೀವು ನಡೀರಿ ಅಂದ್ರು. ಅಮ್ಮ ನಮ್ಮಿಬ್ರನ್ನೂ ಇಡ್ಕೊಂಡು ನಡ್ದ್ಬಿಟ್ಲು. ಒಂದ್ಸಲ ಬಿಟ್ ಬಂದೀವಿ. ಎಲ್ಡ್ನೇ ಸಲ ನಾನ್ ಬಿಡಲ್ಲ."

ಸೀಮೆಸುಣ್ಣದ ಗೆರೆ ಕೂದಲೆಳೆಯಷ್ಟು ಮುರಿದಿತ್ತು. ನೀಲಾಂಬಿಕಾ ಅದನ್ನು ನೋಡಿದಳು.

ನಿಲ್ಲಿಸಲಾಗುವುದಿಲ್ಲ ಎಂಬುದು ನಿಜ. ಆದರೆ ಒತ್ತದೆ ಬಿಡಬಹುದು. ಹೊಲದ ಪಂಪ್‌ಸೆಟ್ಟಿನ ಎಂಜಿನ್ನಿಗೂ ಒಂದು ಸಣ್ಣ ಲಿವರ್ ಇರುತ್ತದೆ. ಎತ್ತಿ ಹಿಡಿದರೆ ಗಾಳಿ ಹೊರಗೆ ಹೋಗುತ್ತದೆ, ಪಿಸ್ಟನ್ ಹಗುರವಾಗಿ ಓಡಾಡುತ್ತದೆ, ಬೆಂಕಿ ಮಾತ್ರ ಹತ್ತುವುದಿಲ್ಲ. ಇಲ್ಲಿ ಆ ಲಿವರ್ ಎಂದರೆ ಮೇಲಿನ ಬಾಯಿ. ಅದನ್ನು ತೆರೆದಿಟ್ಟರೆ ಆ ದಿನದ ದುಡಿತ ಹೋಯಿತು. ಶುರುವಾದಂದಿನಿಂದ ಎಂಜಿನ್ ಒಂದು ದುಡಿತವನ್ನೂ ತಪ್ಪಿಸಿರಲಿಲ್ಲ. ಕೆಳಗಿನ ಚಕ್ರ ತನ್ನ ಹಳೆಯ ವೇಗದ ಮೇಲೆಯೇ ಇನ್ನೊಂದು ದಿನ ಹೋಗಬಹುದು, ಅದೂ ಯಾರಿಗೂ ಕರೆಂಟು ಕೊಡದಿದ್ದರೆ. ಹೋಗದೆಯೂ ಇರಬಹುದು. ಹೋಗದೆ ನಿಂತರೆ ಅದನ್ನು ಮತ್ತೆ ತಿರುಗಿಸಲು ರಾಜ್ಯದ ಕರೆಂಟಿನಲ್ಲಿ ಅರ್ಧ ಬೇಕು. ಅದನ್ನು ಯಾರೂ ಕೊಡುವುದಿಲ್ಲ.

ಅವಳು ಬಾಗಿಲ ಪಕ್ಕದ ಫೋನು ಎತ್ತಿದಳು.

"ಅರುಳ್, ಬಾಯಿ ಮುಚ್ಚಬ್ಯಾಡ. ತಗದ ಇಡು. ಕರೆಂಟಿನ ಲೈನ್ ಎಲ್ಲಾ ಕಡೀ."

"ಮೇಡಂ?" ಆ ಕಡೆ ಕುರ್ಚಿ ಉರುಳಿದ ಸದ್ದು. "ಕಾರಣ ಹೇಳ್ಬೇಕು ಮೇಡಂ. ಕಾರಣ ಇಲ್ದೆ ಸ್ವಿಚ್ ತಗೊಳ್ಳಲ್ಲ."

"ಒಳಗ ಒಬ್ಬರು ಉಳದಾರ."

ಒಳಗೆ ಮನುಷ್ಯರಿದ್ದರೆ ಒತ್ತುವಂತಿಲ್ಲ ಎಂಬುದು ಎಂಜಿನ್ನಿನ ಮೊದಲ ನಿಯಮ. ಅದನ್ನು ಬರೆಯಿಸಿದವಳೂ ಅವಳೇ.

"ಅಯ್ಯೋ ಸ್ವಾಮಿ. ಯಾರು ಮೇಡಂ? ಹೆಸರು ಹಾಕ್ಬೇಕು."

ನೀಲಾಂಬಿಕಾ ಮುನಿತಾಯಮ್ಮನ ಕಡೆ ನೋಡಿದಳು.

"ಪಿಲ್ಲಪ್ಪ," ಎಂದಳು.

ಮೇಲೆ ನಕ್ಷತ್ರ ಮತ್ತೆ ದೊಡ್ಡದಾಯಿತು. ಮುನಿತಾಯಮ್ಮ ಎಲೆಯನ್ನು ನೇರ ಮಾಡಿ, ಸಾರು ಚೆಲ್ಲದಂತೆ ಅನ್ನದ ಕಟ್ಟೆ ಸರಿಪಡಿಸಿ, ತಾನಾಗಿಯೇ ಬಾಗಿಲು ದಾಟಿ ಬಂದಳು. ಉಕ್ಕಿನ ಬಾಗಿಲು ಮುಚ್ಚಿತು.

*

ಅಂದು ಮಧ್ಯಾಹ್ನ, ಮಕ್ಕಳು ಮಲಗುವ ಹೊತ್ತಿನಲ್ಲಿ, ಬಾವಿ ಉಸಿರು ಬಿಡತೊಡಗಿತು. ಬೆಳಿಗ್ಗೆ ಒಳಗೆ ಹೋದ ಊರೆಲ್ಲ ತಂಪಾಗಿ ಹೊರಗೆ ಬಂತು: ಕಾಫಿ, ಸಾಂಬ್ರಾಣಿ, ಸೀದ ಒಗ್ಗರಣೆ. ತಮ್ಮ ಬೆಳಗಿನ ಅಡಿಗೆಯನ್ನು ಮತ್ತೆ ಮೂಸಿದ ಹೆಂಗಸರು ಬೀದಿಗೆ ಬಂದರು. ಸುದ್ದಿ ಹಬ್ಬಿತು. ಕತ್ತಲಾದರೆ ಕರೆಂಟಿಲ್ಲ ಎಂದು ತಿಳಿದವರು ಬೈಯುತ್ತ ಬಾವಿಯ ಕಡೆ ನಡೆದರು. ಯಾಕೆ ಎಂದು ತಿಳಿದವರು ಬೈಯುವುದನ್ನು ಮುಂದಕ್ಕೆ ಹಾಕಿದರು. ಕಾಗೆ ಹೊರಗೆ ಬರಲೆಂದು ಪುರಸಭೆಯವರು ಬಾವಿಯ ಜಾಲರಿ ಬಿಚ್ಚಿಸಿದರು.

ಕಂಟ್ರೋಲ್ ರೂಮಿನಲ್ಲಿ ಮುನಿತಾಯಮ್ಮನನ್ನು ನೀಲಾಂಬಿಕಾಳ ಕುರ್ಚಿಯಲ್ಲೇ ಕೂರಿಸಿದ್ದರು. ಒಳಗಿನ ಕ್ಯಾಮೆರಾದಲ್ಲಿ ಮಂಕು ಬೆಳಕಿನ ಉಕ್ಕಿನ ಬಯಲು, ಅದರ ಅಂಚಿನಲ್ಲಿ ಒಂದು ಹಸಿರು ಚುಕ್ಕೆ. ಮನುಷ್ಯರು ಹೋದ ಮೇಲೆ ಕಾಗೆ ಇಳಿದುಬಂದಿತ್ತು. ಭೂಮಿಯ ಹೊಟ್ಟೆಯಿಂದ ಇರುವೆಯ ವೇಗದಲ್ಲಿ ಮೇಲೇರುತ್ತಿದ್ದ ಆ ಬಯಲಿನ ಮೇಲೆ, ಅವಸರವಿಲ್ಲದೆ, ಅದೊಂದೇ ಕೂತು ಉಣ್ಣುತ್ತಿತ್ತು.

"ಬಾಡು ತಿಂತಾವ್ನೆ," ಎಂದಳು ಅವಳು. ತೆರೆಯ ಹತ್ತಿರ ಬಾಗಿ, "ಕಜ್ಜಾಯ ಬಿಟ್ಟವ್ನೆ. ಮೊದ್ಲಿಂದ ಸಿಹಿ ಸೇರಲ್ಲ."

ಅರುಳ್‌ದಾಸ್ ಚಕ್ರದ ಅಂಕಿಗಳನ್ನೇ ನೋಡುತ್ತಿದ್ದ. ಅವು ಇಳಿಯುತ್ತಿದ್ದವು. "ತಾಳತ್ತಾ ಮೇಡಂ?"

"ಕೇಳಬ್ಯಾಡ."

ಸೂರ್ಯ ಮುಳುಗುವ ಹೊತ್ತಿಗೆ ಪಿಸ್ಟನ್ ಮೇಲಿನ ತುದಿ ಮುಟ್ಟಿತು. ಅಲ್ಲಿಯೂ ಒಂದು ನಿಂತ ಗಳಿಗೆ. ಬಾವಿಯ ಬಾಯಿಯ ಸುತ್ತ ಇಡೀ ಊರು ನೆರೆದಿತ್ತು. ಉಸಿರು ನಿಂತಿತು. ಗಾಳಿಯಿಲ್ಲದ ಆ ಸಂಜೆಯಲ್ಲಿ, ಒಂದು ಕಿಲೋಮೀಟರ್ ಆಳಕ್ಕೆ ಹೋಗಿ ಬಂದ ರೆಕ್ಕೆಯ ಸದ್ದು ಮೊದಲು ಕೇಳಿಸಿತು. ಆಮೇಲೆ ಕಪ್ಪನೆಯ ಕಾಗೆ ಹೊರಗೆ ಬಂತು. ಜಯಮ್ಮ ಕೈ ಮುಗಿದಳು. ಅದು ಜನರ ಮೇಲೆ ಒಂದು ಸುತ್ತು ಹಾಕಿ, ಮುನಿತಾಯಮ್ಮನ ಮನೆಯ ಕಡೆಗೇನೂ ಹೋಗದೆ, ಬಾಡಿನಂಗಡಿಯ ದಿಕ್ಕಿಗೆ ಹಾರಿತು.

ಕಂಟ್ರೋಲ್ ರೂಮಿನಲ್ಲಿ ಅಂಕಿ ಸೊನ್ನೆಯ ಹತ್ತಿರ ಬಹಳ ಹೊತ್ತು ತೂಕಡಿಸಿತು. ಮಾಮೂಲಿಗಿಂತ ಬಹಳ ಹೊತ್ತು. ಅರುಳ್‌ದಾಸ್ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಅದು ಒಂದಾಯಿತು. ಪಿಸ್ಟನ್ ಬೆಂಕಿಯಿಲ್ಲದೆ, ಬರೀ ಹಳೆಯ ವೇಗದಲ್ಲಿ, ಇಳಿಯತೊಡಗಿತು.

ಎಂಜಿನ್ ನಿಲ್ಲಲಿಲ್ಲ. ಮೂರು ತಾಲ್ಲೂಕುಗಳಿಗೆ ಆ ರಾತ್ರಿ ಕರೆಂಟಿರಲಿಲ್ಲ.